ಸುಟ್ಟವರು ಯಾರೋ, ಕೆಮ್ಮುವವರು ಯಾರೋ

'ಮಾಡಿದ್ದುಣ್ಣೋ ಮಹರಾಯ' ಅಂತ ನಮ್ಮಲ್ಲಿ ಗಾದೆ ಇದೆ. ಹೊಗೆಯ ವಿಷಯಕ್ಕೆ ಬಂದರೆ ಈ ಗಾದೆ ನಡೆಯೋದಿಲ್ಲ. ಹೊಲಕ್ಕೆ ಬೆಂಕಿ ಹಚ್ಚುವವನು ಗಾಳಿ ನೋಡಿಕೊಂಡು, ಹೊಗೆ ಬಾರದ ಕಡೆ ನಿಂತು ಕಡ್ಡಿ ಗೀರುತ್ತಾನೆ. ಹೊಗೆ ಹೋಗೋದು ಪಕ್ಕದ ಹೊಲದವನ ಕಣ್ಣಿಗೆ, ಅದರಾಚೆಯ ಊರಿಗೆ, ಒಮ್ಮೊಮ್ಮೆ ಪಕ್ಕದ ದೇಶಕ್ಕೂ. ಮಾಡಿದವನು ಬೇರೆ, ಉಣ್ಣೋನು ಬೇರೆ.

ದೇಶದಿಂದ ದೇಶಕ್ಕೆ ಹೋಗುವ ಹೊಗೆಯ ಜಗಳ ಈಗ ಹಳೇದಾಗಿದೆ. ಇಂಡೋನೇಷ್ಯಾದಲ್ಲಿ ಹಚ್ಚಿದ ಬೆಂಕಿಗೆ ಸಿಂಗಪುರ, ಮಲೇಷ್ಯಾದವರು ಕೆಮ್ಮುತ್ತಾರೆ. ನಮ್ಮ ಪಂಜಾಬು, ಪಾಕಿಸ್ತಾನದ ಪಂಜಾಬು ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರೆ. ಪೇಪರಿನಲ್ಲಿ ಓದಿ 'ಅದು ಅವರ ಪಾಡು' ಅಂತ ಬಿಡಬಹುದಿತ್ತು. ಆದರೆ ನವೆಂಬರ್-ಡಿಸೆಂಬರ್‌ನಲ್ಲಿ, ಆಮೇಲೆ ಮತ್ತೆ ಮೇ ತಿಂಗಳಲ್ಲಿ, ದಾವಣಗೆರೆ-ಹರಿಹರದ ಸುತ್ತ ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗಿ ನೋಡಿ. ಭತ್ತ ಕೊಯ್ದ ಗದ್ದೆಯಲ್ಲಿ ಹುಲ್ಲು ಉರೀತಿರುತ್ತೆ. ಅದೇ ಹೊತ್ತಿಗೆ ನಮ್ಮ ಬೆದ್ದಲು ಸೀಮೆಯಲ್ಲಿ ಹಿಡಿ ಹುಲ್ಲಿಗೆ ಅಲೆಯುತ್ತಿರುತ್ತೇವೆ. ದೇಶ ದೇಶಗಳ ಹೊಗೆಯ ಕಥೆ ತಿಳಿದುಕೊಂಡರೆ ನಮ್ಮ ಜಿಲ್ಲೆಯ ಹೊಗೆಗೆ ಏನು ಮಾಡಬಹುದು ಅಂತ ಗೊತ್ತಾಗುತ್ತೆ. ಅದಕ್ಕೆ ಇದನ್ನು ಬರೆದಿದ್ದೇನೆ.

ಹೊಗೆ ಅಷ್ಟು ದೂರ ಹೇಗೆ ಹೋಗುತ್ತೆ?

ಹೊಗೆ ಅಂದರೆ ಬರೀ ಕರಿ ಗಾಳಿ ಅಲ್ಲ. ಅದರಲ್ಲಿ ಸುಟ್ಟ ಮಸಿಯ ಸಣ್ಣ ಸಣ್ಣ ಕಣಗಳಿರುತ್ತವೆ. ದಪ್ಪ ಕಣಗಳು ಹತ್ತಿರದಲ್ಲೇ ಉದುರುತ್ತವೆ. ಬಟ್ಟೆ ಒಣ ಹಾಕಿದ ಹಗ್ಗದ ಮೇಲೆ, ನೀರಿನ ತೊಟ್ಟಿಯಲ್ಲಿ ಕಾಣೋದು ಅವೇ. ಕಣ್ಣಿಗೆ ಕಾಣದ ಕಣಗಳೇ ದೂರ ಹೋಗೋವು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲಿನಷ್ಟು, ಇಲ್ಲವೆ ಅದಕ್ಕೂ ಸಣ್ಣವು. ಇವನ್ನು ಪಿಎಂ 2.5 ಅಂತ ಕರೆಯುತ್ತಾರೆ. ನಮ್ಮ ತಲೆಗೂದಲು ಇದರ ಇಪ್ಪತ್ತು-ಇಪ್ಪತ್ತೈದು ಪಟ್ಟು ದಪ್ಪ. ಇಷ್ಟು ಹಗುರವಾದ ಕಣ ದಿನಗಟ್ಟಲೆ ಗಾಳಿಯಲ್ಲಿ ತೇಲುತ್ತೆ, ನೂರಾರು ಮೈಲಿ ಹೋಗುತ್ತೆ. ಮೂಗಿನ ಕೂದಲಿಗೆ ಸಿಗೋದಿಲ್ಲ, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಉಬ್ಬಸ ಇದ್ದವರಿಗೆ, ಮಕ್ಕಳಿಗೆ, ಹೃದಯದ ತೊಂದರೆ ಇದ್ದ ಮುದುಕರಿಗೆ ಇದರಿಂದ ಅಪಾಯ ಹೆಚ್ಚು.

ಎರಡನೇದು ಚಳಿಗಾಲದ ಗಾಳಿ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಗಾಳಿ ಮೇಲಕ್ಕೆ ಏಳುತ್ತೆ, ಹೊಗೆಯೂ ಅದರ ಜೊತೆ ಹೋಗಿ ಚದುರುತ್ತೆ. ಚಳಿಗಾಲದ ರಾತ್ರಿ ಹಂಗಲ್ಲ. ನೆಲ ಬೇಗ ತಣ್ಣಗಾಗಿ ತಂಪು ಗಾಳಿ ಕೆಳಗೇ ಕೂರುತ್ತೆ, ಅದರ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ನಿಲ್ಲುತ್ತೆ. ಆಗ ಹೊಗೆ ಮೇಲೇಳೋದಿಲ್ಲ. ಬೆಳಕಿಂಡಿ ಇಲ್ಲದ ಅಡಿಗೆ ಮನೆಯಲ್ಲಿ ಹಸಿ ಸೌದೆ ಹಾಕಿದಂತೆ. ಡಿಸೆಂಬರ್ ಬೆಳಗ್ಗೆ ನಾಲೆ ಬಯಲಿನಲ್ಲಿ ಮಂಜಿನ ಜೊತೆ ಹೊಗೆ ಸೇರಿ ನೆಲಕ್ಕೆ ಅಂಟಿಕೊಂಡಿರೋದು ಇದರಿಂದಲೇ.

ಇಂಡೋನೇಷ್ಯಾದ ಬೆಂಕಿ, ಸಿಂಗಪುರದ ಕೆಮ್ಮು

ಇಂಡೋನೇಷ್ಯಾದ ಸುಮಾತ್ರ, ಕಾಲಿಮಂತಾನ್ ಸೀಮೆಗಳಲ್ಲಿ ಲಕ್ಷಾಂತರ ಎಕರೆ ಜೌಗು ಕಾಡಿದೆ. ಅಲ್ಲಿ ಮಣ್ಣು ಅಂದರೆ ನಮ್ಮ ಎರೆ, ಮಸಾರಿಯಂಥದ್ದಲ್ಲ. ಸಾವಿರಾರು ವರ್ಷದಿಂದ ನೀರಲ್ಲಿ ಬಿದ್ದ ಎಲೆ, ಬೇರು, ಮರ ಪೂರ್ತಿ ಕೊಳೆಯದೆ ಮಡ್ಡಿಯಾಗಿ, ಆಳುಗಟ್ಟಲೆ ದಪ್ಪಕ್ಕೆ ಕೂತಿರುತ್ತೆ. ನೀರು ಇರೋತನಕ ಏನೂ ತೊಂದರೆ ಇಲ್ಲ. ಕಾಲುವೆ ತೋಡಿ ನೀರು ಬಸಿದರೆ ಆ ಮಣ್ಣೇ ಒಣಗಿ ಸೌದೆಯಾಗುತ್ತೆ. ತಾಳೆ ತೋಟ, ಕಾಗದಕ್ಕೆ ಬೇಕಾದ ಮರದ ನೆಡುತೋಪು ಮಾಡೋಕೆ ಹಂಗೆ ನೀರು ಬಸಿದರು. ಜಮೀನು ಸ್ವಚ್ಛ ಮಾಡೋಕೆ ಕಂಪನಿಗಳೂ ಬೆಂಕಿ ಹಾಕಿದವು, ಸಣ್ಣ ರೈತರೂ ಹಾಕಿದರು. ಬೆಂಕಿಯಷ್ಟು ಅಗ್ಗದ ಆಳು ಇನ್ನೊಂದಿಲ್ಲವಲ್ಲ.

ನಮ್ಮ ಕಡೆ ಅಕ್ಕಿ ಗಿರಣಿ ಹಿಂದೆ ಭತ್ತದ ಹೊಟ್ಟಿನ ರಾಶಿ ನೋಡಿದವರಿಗೆ ಈ ಬೆಂಕಿ ಅರ್ಥವಾಗುತ್ತೆ. ಮೇಲೆ ಬೂದಿ, ತಣ್ಣಗೆ ಕಾಣುತ್ತೆ. ಕಾಲಿಟ್ಟರೆ ಒಳಗೆ ನಿಗಿ ನಿಗಿ ಕೆಂಡ. ಜೌಗಿನ ಬೆಂಕಿಯೂ ಹಂಗೇ ನೆಲದೊಳಗೇ ಹರಿದಾಡುತ್ತೆ. ಜ್ವಾಲೆ ಕಮ್ಮಿ, ಹೊಗೆ ಜಾಸ್ತಿ. ವಾರಗಟ್ಟಲೆ, ತಿಂಗಳುಗಟ್ಟಲೆ ಉರಿಯುತ್ತೆ. ದೊಡ್ಡ ಮಳೆ ಬಂದರೇ ಆರೋದು.

ಇದರಲ್ಲಿ ಭತ್ತದ ಕಥೆಯೂ ಒಂದಿದೆ. 1996ರಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ ಮಧ್ಯ ಕಾಲಿಮಂತಾನಿನಲ್ಲಿ 10 ಲಕ್ಷ ಹೆಕ್ಟೇರ್ ಜೌಗನ್ನು ಭತ್ತದ ಗದ್ದೆ ಮಾಡುತ್ತೇವೆ ಅಂತ ಹೊರಟಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ಆ ಹುಳಿ ಮಣ್ಣಿನಲ್ಲಿ ಭತ್ತ ಸರಿಯಾಗಿ ಬರಲಿಲ್ಲ. ನೀರು ಮಾತ್ರ ಬಸಿದು ಹೋಯಿತು. ಮಾರನೇ ವರ್ಷ, 1997ರಲ್ಲಿ, ಎಲ್ ನಿನೋ ಬಂದು ಮಳೆ ಕೈಕೊಟ್ಟಾಗ ಒಣಗಿದ ಆ ನೆಲ ಹೊತ್ತಿಕೊಂಡಿತು. 1999ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಜೂನ್‌ನಿಂದ ಅಕ್ಟೋಬರ್‌ತನಕ ಅಲ್ಲಿ ಬೀಸೋದು ಹೆಚ್ಚಾಗಿ ನೈರುತ್ಯದ ಕಡೆಯ ಗಾಳಿ. ನಮಗೆ ಮುಂಗಾರು ಮೋಡ ತರುವ ಹಂಗಾಮಿನಲ್ಲೇ ಅಲ್ಲಿಯ ಗಾಳಿ ಸುಮಾತ್ರದ ಹೊಗೆಯನ್ನು ಹೊತ್ತು ಮಲೇಷ್ಯಾ, ಸಿಂಗಪುರದ ಮೇಲೆ ಸುರಿಯುತ್ತೆ. 1997ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಗಾಳಿ ಕೆಟ್ಟದ್ದನ್ನು ಅಳೆಯುವ ಸೂಚ್ಯಂಕ 800 ದಾಟಿತು. 300 ದಾಟಿದರೇ ಜೀವಕ್ಕೆ ಅಪಾಯ ಅಂತ ಲೆಕ್ಕ. ಅಲ್ಲಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಅದೇ ತಿಂಗಳು 26ರಂದು ಇಂಡೋನೇಷ್ಯಾದ ಮೆಡಾನ್ ಹತ್ತಿರ, ದಟ್ಟ ಹೊಗೆ ಮಬ್ಬಿನಲ್ಲಿ ಇಳಿಯಲು ಹೊರಟ ವಿಮಾನ ಬೆಟ್ಟಕ್ಕೆ ಬಡಿದು 234 ಜನ ಸತ್ತರು. ವಿಮಾನಕ್ಕೆ ಕೆಳಗಿನಿಂದ ಕೊಟ್ಟ ಸೂಚನೆಯಲ್ಲೂ ಗೊಂದಲವಿತ್ತು.

2013ರ ಜೂನ್ 21ರಂದು ಸಿಂಗಪುರದಲ್ಲಿ ಸೂಚ್ಯಂಕ 401ಕ್ಕೆ ಏರಿತು. 2015ರಲ್ಲಿ ಮತ್ತೆ ಎಲ್ ನಿನೋ. ಆ ವರ್ಷ ಇಂಡೋನೇಷ್ಯಾದಲ್ಲಿ ಸುಟ್ಟದ್ದು 26 ಲಕ್ಷ ಹೆಕ್ಟೇರ್. ದಾವಣಗೆರೆಯಂಥ ಐದು ಜಿಲ್ಲೆಗಿಂತ ಹೆಚ್ಚು ನೆಲ. ಅದೇ ವರ್ಷ ನಮ್ಮಲ್ಲೂ ಬರ ಬಿದ್ದದ್ದು ನೆನಪಿರಬಹುದು. ವಿಶ್ವಬ್ಯಾಂಕ್ ಆ ಬೆಂಕಿಯಿಂದ ಇಂಡೋನೇಷ್ಯಾಕ್ಕೇ ಆದ ನಷ್ಟವನ್ನು 1,600 ಕೋಟಿ ಡಾಲರ್ ಅಂತ ಅಂದಾಜು ಮಾಡಿತು. ಅಲ್ಲಿನ 5 ಲಕ್ಷಕ್ಕೂ ಹೆಚ್ಚು ಜನ ಉಸಿರಾಟದ ತೊಂದರೆಗೆ ಒಳಗಾದರು. ನೆರೆಯವರ ಮಾತು ಹಾಗಿರಲಿ, ಬೆಂಕಿ ಹಾಕಿದವರ ಪಕ್ಕದ ಹಳ್ಳಿಯ ಮಕ್ಕಳೇ ಮೊದಲು ಹೊಗೆ ಕುಡಿದದ್ದು.

ನಮ್ಮ ಪಕ್ಕದೂರಿನ ಹುಡುಗನೊಬ್ಬ ಮಲೇಷ್ಯಾದಲ್ಲಿ ಹೋಟೆಲ್ ಕೆಲಸಕ್ಕಿದ್ದ. 2019ರ ಸೆಪ್ಟೆಂಬರ್‌ನಲ್ಲಿ ಇದೇ ಹೊಗೆಗೆ ಅಲ್ಲಿ ಸ್ಕೂಲು ಮುಚ್ಚಿದ್ದರಂತೆ. 'ಹತ್ತು ದಿನ ಸೂರ್ಯ ಕುಂಕುಮದ ಬೊಟ್ಟಿನಂಗೆ ಕಾಣ್ತಿದ್ದ ಮಾವ, ಮಧ್ಯಾಹ್ನವೂ ಕಣ್ಣಿಟ್ಟು ನೋಡಬಹುದಿತ್ತು' ಅಂತ ಹೇಳಿದ. ರೈತನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಿಸಿಲು ಸರಿಯಾಗಿ ಬೀಳದಿದ್ದರೆ ಎಲೆ ಅಡಿಗೆ ಮಾಡೋದಿಲ್ಲ, ಕಾಳು ತುಂಬೋದಿಲ್ಲ.

ಆ ಬೆಂಕಿಗೂ ನಮ್ಮ ಶೇಂಗಾಕ್ಕೂ ನಂಟು

ಈ ಬೆಂಕಿಗೂ ನಮಗೂ ಸಂಬಂಧವೇ ಇಲ್ಲ ಅನ್ನೋ ಹಾಗಿಲ್ಲ. ಕಾಡು ಸುಟ್ಟ ನೆಲದಲ್ಲಿ ಬೆಳೆಯುವುದರಲ್ಲಿ ತಾಳೆ ಮುಖ್ಯ. ಪಾಮ್ ಎಣ್ಣೆ ಕೊಳ್ಳೋ ದೇಶಗಳ ಸಾಲಿನಲ್ಲಿ ನಮ್ಮದು ಮುಂದೆ ಇದೆ. ನಮ್ಮ ದೇಶದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತೆ, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅದರ ದರವೇ ಮಿಕ್ಕ ಎಣ್ಣೆಗಳ ದರವನ್ನು ಎಳೆಯತೊಡಗಿತು. ಎಣ್ಣೆ ಗಿರಣಿಗೆ ಹೆಸರಾದ ಚಳ್ಳಕೆರೆಯ ಗಾಣಗಳ ಸದ್ದು ಅಡಗುತ್ತಾ ಬಂದದ್ದನ್ನು, ನಮ್ಮ ಬೆದ್ದಲಿನಲ್ಲಿ ಶೇಂಗಾ ಇದ್ದ ಜಾಗಕ್ಕೆ ಮೆಕ್ಕೆಜೋಳ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಮಳೆ, ರೋಗ, ಕೂಲಿ ಎಲ್ಲವೂ ಅದಕ್ಕೆ ಕಾರಣ, ನಿಜ. ಆದರೆ ಮಂಡಿಪೇಟೆಯಲ್ಲಿ ಎಣ್ಣೆ ಡಬ್ಬದ ದರ ಕೇಳಿದವರಿಗೆ ಅಗ್ಗದ ಎಣ್ಣೆಯ ಹೊಡೆತ ಎಷ್ಟು ಅಂತ ಗೊತ್ತು. ಮಿರ್ಚಿ ಕರಿಯುವ ಬಾಣಲೆಯ ಎಣ್ಣೆ ಅಗ್ಗ ಯಾಕೆ ಅಂದರೆ, ಅದರ ಖರ್ಚಿನ ಒಂದು ಪಾಲನ್ನು ಸುಮಾತ್ರದ, ಸಿಂಗಪುರದ ಜನರ ಶ್ವಾಸಕೋಶ ಕಟ್ಟಿದೆ.

ಮೆಕ್ಕೆಜೋಳದಲ್ಲೂ ಇದೇ ಕಥೆ. ಥಾಯ್ಲೆಂಡಿನ ಉತ್ತರದ ಗುಡ್ಡಗಳು, ಪಕ್ಕದ ಮ್ಯಾನ್ಮಾರ್, ಲಾವೋಸ್‌ಗಳಲ್ಲಿ ಕೋಳಿ ಆಹಾರಕ್ಕೆಂದು ಮೆಕ್ಕೆಜೋಳ ಹಬ್ಬಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಂಟಿಗೂ ಗುಡ್ಡದ ಕಾಡಿಗೂ ಬೆಂಕಿ ಬೀಳುತ್ತೆ. ಚಿಯಾಂಗ್ ಮಾಯ್ ಅನ್ನೋ ಊರು ಆ ದಿನಗಳಲ್ಲಿ ಲೋಕದಲ್ಲೇ ಗಾಳಿ ಕೆಟ್ಟ ಊರುಗಳ ಪಟ್ಟಿಯ ಮೇಲೆ ನಿಲ್ಲೋದುಂಟು. ಮೆಕ್ಕೆಜೋಳಕ್ಕೆ ಹೆಸರಾದ ದಾವಣಗೆರೆ ಜಿಲ್ಲೆಯವರು ಇದನ್ನು ಓದಿ ಸುಮ್ಮನಿರಬಾರದು. ದಂಟಿಗೆ ಬೆಂಕಿ ಇಡೋ ಪದ್ಧತಿ ನಮ್ಮ ಬೆದ್ದಲು ಊರುಗಳಲ್ಲೂ ಶುರುವಾಗಿದೆ. ಬೈಗುಳ ಎಲ್ಲಾ ನಾಲೆ ಕಡೆಯವರಿಗೇ ಇರಲಿ ಅಂದರೆ ನ್ಯಾಯ ಆಗೋದಿಲ್ಲ.

ಎರಡು ಪಂಜಾಬು, ಒಂದೇ ಗಾಳಿ

ನಮ್ಮ ದೇಶದ ದೊಡ್ಡ ಹೊಗೆ ಪಂಜಾಬ್-ಹರಿಯಾಣದ್ದು. ಅವರು ಯಾಕೆ ಸುಡುತ್ತಾರೆ ಅಂತ ತಿಳಿಯದೆ ಬೈಯೋದು ಸುಲಭ. ಅಲ್ಲಿ ಅಂತರ್ಜಲ ಪಾತಾಳಕ್ಕಿಳಿದಾಗ, ಬೇಸಿಗೆಯ ಉರಿಯಲ್ಲಿ ನಾಟಿ ಮಾಡಿ ನೀರು ಹಾಳುಮಾಡಬಾರದು ಅಂತ 2009ರಲ್ಲಿ ಎರಡೂ ರಾಜ್ಯಗಳು ಕಾನೂನು ತಂದವು. ಜೂನ್ ಎರಡನೇ ವಾರಕ್ಕೆ ಮೊದಲು ನಾಟಿ ಮಾಡುವಂತಿಲ್ಲ ಎಂದಾಯಿತು. ನೀರಿಗೆ ಒಳ್ಳೇದೇ. ಆದರೆ ಕೊಯ್ಲು ಅಕ್ಟೋಬರ್ ಕೊನೆಗೆ ಜಾರಿತು. ಗೋಧಿ ಬಿತ್ತನೆ ನವೆಂಬರ್ ಮಧ್ಯಕ್ಕೆ ಮುಗಿಯಬೇಕು. ನಡುವೆ ಉಳಿಯೋದು ಹದಿನೈದು-ಇಪ್ಪತ್ತು ದಿನ. ಕೊಯ್ಯೋದು ಕಂಬೈನ್ ಯಂತ್ರ, ಅದು ಉದ್ದುದ್ದ ಕೂಳೆ ಬಿಟ್ಟು ಹೋಗುತ್ತೆ. ಅಲ್ಲಿನ ದನಕ್ಕೆ ಗೋಧಿ ಹೊಟ್ಟೇ ಮೇವು, ಭತ್ತದ ಹುಲ್ಲಿಗೆ ಗಿರಾಕಿ ಕಮ್ಮಿ. ಹಿಂಗಾಗಿ ಎಲ್ಲರೂ ಒಟ್ಟಿಗೆ ಬೆಂಕಿ ಹಾಕಿದರು. ಅದೂ ಗಾಳಿ ನಿಂತು ಚಳಿ ಶುರುವಾಗುವ ಹೊತ್ತಿಗೆ. ನೀರು ಉಳಿಸೋಕೆ ಮಾಡಿದ ಕಾನೂನು ಹೊಗೆಗೆ ದಾರಿಯಾಯಿತು.

ದೆಹಲಿಯ ಕೆಟ್ಟ ಗಾಳಿಗೆ ರೈತ ಒಬ್ಬನೇ ಕಾರಣ ಅಲ್ಲ. ವಾಹನ, ಕಾರ್ಖಾನೆ, ಕಟ್ಟಡದ ದೂಳು ವರ್ಷವಿಡೀ ಇರುತ್ತವೆ. ಹುಲ್ಲಿನ ಹೊಗೆಯ ಪಾಲು ದಿನದಿಂದ ದಿನಕ್ಕೆ ಬದಲಾಗುತ್ತೆ, ತೀರಾ ಕೆಟ್ಟ ಕೆಲವು ದಿನ ಮೂರನೇ ಒಂದು ಪಾಲಿನಷ್ಟಾಗುತ್ತೆ. ಗಡಿಯಾಚೆ ಪಾಕಿಸ್ತಾನದ ಪಂಜಾಬಿನಲ್ಲೂ ಅದೇ ಭತ್ತ, ಅದೇ ಗೋಧಿ, ಅದೇ ಬೆಂಕಿ. ಗಾಳಿ ಪೂರ್ವಕ್ಕೆ ತಿರುಗಿದ ದಿನ ಅವರ ಹೊಗೆ ನಮ್ಮ ಕಡೆಗೆ, ಪಶ್ಚಿಮಕ್ಕೆ ತಿರುಗಿದ ದಿನ ನಮ್ಮದು ಅವರ ಕಡೆಗೆ. 2024ರ ನವೆಂಬರ್‌ನಲ್ಲಿ ಲಾಹೋರಿನಲ್ಲಿ ಗಾಳಿಯ ಸೂಚ್ಯಂಕ 1,000 ದಾಟಿ ಸ್ಕೂಲುಗಳನ್ನು ಮುಚ್ಚಿದರು. ಅಲ್ಲಿಯ ಮುಖ್ಯಮಂತ್ರಿ ಮರಿಯಂ ನವಾಜ್ ಅವರು ಇದರ ಬಗ್ಗೆ ಭಾರತದ ಪಂಜಾಬಿನ ಜೊತೆ ಕೂತು ಮಾತಾಡಬೇಕು ಅಂತ ಹೇಳಿದರು. ಬೇಲಿ ಹಾಕಿದ ಗಡಿಯಲ್ಲಿ ಮನುಷ್ಯ ದಾಟೋ ಹಾಗಿಲ್ಲ, ಹೊಗೆ ಮಾತ್ರ ದಿನಾ ದಾಟುತ್ತೆ.

ಒಪ್ಪಂದ, ಕಾನೂನು, ದಂಡ

ನೆರೆಯವರ ಹೊಗೆ ತಡೆಯೋಕೆ ಏನೇನು ಮಾಡಿ ನೋಡಿದ್ದಾರೆ? ಮೊದಲನೇದು ಒಪ್ಪಂದ. ಆಗ್ನೇಯ ಏಷ್ಯಾದ ದೇಶಗಳು 2002ರ ಜೂನ್ 10ರಂದು ಕ್ವಾಲಾಲಂಪುರದಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಬೆಂಕಿ ಹೆಚ್ಚು ಬೀಳುವ ಇಂಡೋನೇಷ್ಯಾದ ಸಂಸತ್ತು ಅದನ್ನು ಒಪ್ಪಿದ್ದು 2014ರಲ್ಲಿ, ಹನ್ನೆರಡು ವರ್ಷ ಆದಮೇಲೆ. ಒಪ್ಪಿದರೂ ತಪ್ಪಿದವರಿಗೆ ದಂಡ ಹಾಕುವ ಕಲಮು ಅದರಲ್ಲಿ ಇಲ್ಲ. ನಮ್ಮ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ ಮೊದಲಾದ ದೇಶಗಳೂ 1998ರಲ್ಲಿ ಮಾಲೆಯಲ್ಲಿ ಇಂಥದ್ದೊಂದು ಘೋಷಣೆ ಮಾಡಿವೆ. ಅದೂ ಕಾಗದ ದಾಟಿ ಹೊಲಕ್ಕೆ ಬರಲಿಲ್ಲ.

ಮಾತಿಗೆ ಮಾತು ಬೆಳೆಯೋದು ನಮ್ಮ ಬದುವಿನ ಜಗಳದಂತೆಯೇ. 'ವರ್ಷದಲ್ಲಿ ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೇ ಗಾಳಿ ಕುಡೀತಾರೆ, ಅದಕ್ಕೆ ಯಾರೂ ಉಪಕಾರ ಹೇಳಲಿಲ್ಲ' ಅನ್ನೋ ಅರ್ಥದಲ್ಲಿ ಇಂಡೋನೇಷ್ಯಾದ ಉಪಾಧ್ಯಕ್ಷ ಯೂಸುಫ್ ಕಲ್ಲಾ 2015ರಲ್ಲಿ ಮಾತಾಡಿದ್ದರು. ಸಿಂಗಪುರ, ಮಲೇಷ್ಯಾದವರ ದುಡ್ಡು ಹಾಕಿದ ತೋಟಗಳೂ ಅಲ್ಲೇ ಇವೆ ಅನ್ನೋದು ಅವರ ಇನ್ನೊಂದು ವಾದ. ಅದೂ ಸುಳ್ಳಲ್ಲ.

ಎರಡನೇದು ದಂಡ. ಸಿಂಗಪುರ 2014ರಲ್ಲಿ ಕಾನೂನು ಮಾಡಿತು. ಹೊರದೇಶದಲ್ಲಿ ಸುಟ್ಟು ತಮ್ಮ ದೇಶಕ್ಕೆ ಹೊಗೆ ಬರುವಂತೆ ಮಾಡಿದ ಕಂಪನಿಗೂ ದಿನಕ್ಕೆ 1 ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ ಹಾಕಬಹುದು. ಆದರೆ ಬೆಂಕಿ ಬಿದ್ದ ಜಾಗ ಯಾರ ಹೆಸರಲ್ಲಿದೆ, ಹಚ್ಚಿದವರು ಯಾರು ಅಂತ ಇನ್ನೊಂದು ದೇಶದ ನೆಲದಲ್ಲಿ ಸಾಬೀತು ಮಾಡೋದು ಕಷ್ಟ. ನಮ್ಮಲ್ಲಿ ದೆಹಲಿ ಸುತ್ತಲಿನ ರಾಜ್ಯಗಳಲ್ಲಿ ಕೂಳೆ ಸುಟ್ಟವರಿಗೆ 2024ರ ನವೆಂಬರ್‌ನಲ್ಲಿ ದಂಡ ಎರಡು ಪಟ್ಟು ಮಾಡಿದರು. 2 ಎಕರೆ ಒಳಗಿನವರಿಗೆ 5 ಸಾವಿರ, 2ರಿಂದ 5 ಎಕರೆಗೆ 10 ಸಾವಿರ, ಅದರ ಮೇಲೆ 30 ಸಾವಿರ ರೂಪಾಯಿ. ದಂಡಕ್ಕೆ ಹೆದರಿ ಹಗಲು ಬಿಟ್ಟು ಸಂಜೆ ಮೇಲೆ ಸುಡುವವರೂ ಇದ್ದಾರೆ ಅಂತ ಅಲ್ಲಿಂದ ವರದಿಗಳು ಬರುತ್ತವೆ.

ಮೂರನೇದು ಕಾರಣಕ್ಕೇ ಕೈ ಹಾಕೋದು. ಇಂಡೋನೇಷ್ಯಾ 2016ರಲ್ಲಿ ಜೌಗು ಭೂಮಿಗೆಂದೇ ಒಂದು ಸಂಸ್ಥೆ ಮಾಡಿ, ಬಸಿಗಾಲುವೆಗಳಿಗೆ ಅಡ್ಡಗಟ್ಟೆ ಕಟ್ಟಿಸತೊಡಗಿತು. ನಾವು ಹಳ್ಳಕ್ಕೆ ಅಡ್ಡಗಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವಲ್ಲ, ಅದೇ ಕೆಲಸ. ನೆಲ ಒದ್ದೆ ಇದ್ದರೆ ಬೆಂಕಿ ಹಿಡಿಯೋದಿಲ್ಲ. ಎಲ್ಲಾ ಕಡೆ ಕಟ್ಟಿ ಮುಗಿದಿರಲಿಲ್ಲ, 2019ರಲ್ಲಿ ಮತ್ತೆ 16 ಲಕ್ಷ ಹೆಕ್ಟೇರ್ ಸುಟ್ಟಿತು. ಪಂಜಾಬಿಗೆ 2018ರಿಂದ ಯಂತ್ರಗಳಿಗೆ ಸಹಾಯಧನ ಕೊಟ್ಟರು. ಹುಲ್ಲು ಕಟ್ಟುವ ಯಂತ್ರ ಬಂದು, ಕೊಳ್ಳುವವರೂ ಹತ್ತಿರ ಇದ್ದ ಕಡೆ ಬೆಂಕಿ ತಗ್ಗಿತು.

ಇವೆಲ್ಲಾ ನೋಡಿದರೆ ನನಗೆ ತಿಳಿಯೋದು ಒಂದೇ. ಸುಡುವವನಿಗೆ ಸುಡೋದು ಪುಕ್ಕಟೆ ಆಗಿರೋವರೆಗೆ ಒಪ್ಪಂದ, ದಂಡ ಎರಡೂ ಅರ್ಧ ಕೆಲಸ ಮಾಡುತ್ತವೆ. ಸುಡದೆ ಇದ್ದರೆ ಅವನಿಗೂ ನಾಲ್ಕು ಕಾಸು ಲಾಭ ಅಂತಾದ ದಿನ ಬೆಂಕಿ ತಾನೇ ನಿಲ್ಲುತ್ತೆ.

ನಮ್ಮ ಜಿಲ್ಲೆಯ ಹೊಗೆ

ಈಗ ನಮ್ಮ ಕಡೆಗೆ ಬರೋಣ. ಭದ್ರಾ ನಾಲೆ ಇರೋ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆ ನೀರು ಸಿಕ್ಕ ವರ್ಷ ಎರಡು ಭತ್ತ. ಒಂದು ನವೆಂಬರ್-ಡಿಸೆಂಬರಿಗೆ ಕೊಯ್ಲು, ಇನ್ನೊಂದು ಮೇ ತಿಂಗಳಿಗೆ. ಕೈಯಲ್ಲಿ ಕೊಯ್ಯೋ ಕಾಲದಲ್ಲಿ ಹುಲ್ಲು ಬಣವೆ ಸೇರುತ್ತಿತ್ತು. ಈಗ ಕಂಬೈನ್ ಮಿಷನ್ ಬಂದು ಒಂದು ಎಕರೆಯನ್ನು ಒಂದೆರಡು ಗಂಟೆಯಲ್ಲಿ ಮುಗಿಸುತ್ತೆ. ಹುಲ್ಲು ಸಾಲುಸಾಲಾಗಿ ಗದ್ದೆಯಲ್ಲೇ ಬೀಳುತ್ತೆ. ಅದನ್ನು ಬಳಿದು ಕಟ್ಟೋಕೆ ಆಳಿಲ್ಲ, ಮನೆಯಲ್ಲಿ ದನ ಇಲ್ಲ, ಗುತ್ತಿಗೆಗೆ ಮಾಡಿದವನಿಗೆ ಗದ್ದೆ ಬಿಟ್ಟು ಹೋಗೋ ಅವಸರ. ಎಲ್ಲರೂ ಸುಡುತ್ತಾರೆ ಅಂತಲ್ಲ. ಹುಲ್ಲು ಮಾರುವವರು, ಕೇಳಿದವರಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸುಡುವವರ ಸಂಖ್ಯೆಯೂ ಕಮ್ಮಿ ಇಲ್ಲ.

ಮೇ ತಿಂಗಳಲ್ಲಿ ಪಡುವಣ ಗಾಳಿ ಈ ಹೊಗೆಯನ್ನು ದಾವಣಗೆರೆ ಪೇಟೆ ಕಡೆಗೆ, ಅದರಾಚೆ ನಮ್ಮ ಜಗಳೂರು ದಿಕ್ಕಿನ ಊರುಗಳ ಕಡೆಗೆ ತಳ್ಳುತ್ತೆ. ಡಿಸೆಂಬರಿನ ಮೂಡಗಾಳಿಗೆ ಹೊಳೆಯಾಚೆ ರಾಣೆಬೆನ್ನೂರು ಸೀಮೆಗೆ. ಹರಪನಹಳ್ಳಿ ತಾಲೂಕನ್ನೇ ನೋಡಿ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ತಿರುಗಿ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಎಷ್ಟು ಸಲ ಬದಲಾದರೂ ಗಾಳಿ ಬರೋ ದಾರಿ ಬದಲಾಗಲಿಲ್ಲ. ಚನ್ನಗಿರಿ ಕಡೆ ರಸ್ತೆ ಬದಿ ಸುರಿದ ಅಡಿಕೆ ಸಿಪ್ಪೆಗೆ ಬೆಂಕಿ ಬಿದ್ದರೆ ಅದರ ಹೊಗೆಯಲ್ಲಿ ಎದುರಿನ ಬೈಕು ಕಾಣೋದಿಲ್ಲ.

ಪಂಜಾಬಿನವರಿಗೆ ಇರೋ ತೊಂದರೆ ನಮ್ಮವರಿಗೆ ಇಲ್ಲ ಅನ್ನೋದನ್ನು ಗಮನಿಸಬೇಕು. ಅಲ್ಲಿ ಹದಿನೈದು-ಇಪ್ಪತ್ತು ದಿನ. ಇಲ್ಲಿ ಡಿಸೆಂಬರಿನಲ್ಲಿ ಕೊಯ್ದರೆ ಬೇಸಿಗೆ ನಾಟಿ ಜನವರಿ ಕೊನೆ-ಫೆಬ್ರವರಿಗೆ. ಮೇ ತಿಂಗಳಲ್ಲಿ ಕೊಯ್ದರೆ ಮಳೆಗಾಲದ ನಾಟಿ ಜುಲೈ-ಆಗಸ್ಟಿಗೆ. ಒಂದು ತಿಂಗಳಿಂದ ಎರಡು ತಿಂಗಳು ಬಿಡುವು ಸಿಗುತ್ತೆ. ಇನ್ನೊಂದು, ಅಲ್ಲಿ ಭತ್ತದ ಹುಲ್ಲಿಗೆ ಗಿರಾಕಿ ಇಲ್ಲ, ಇಲ್ಲಿ ನಲವತ್ತು-ಐವತ್ತು ಕಿಲೋಮೀಟರ್ ಆಚೆ ನಾವಿದ್ದೇವೆ.

ಒಂದು ಎಕರೆ ಹುಲ್ಲಿನ ಲೆಕ್ಕ

ಎಕರೆಗೆ 20-25 ಕ್ವಿಂಟಲ್ ಭತ್ತ ಬಂದರೆ ಹುಲ್ಲೂ ಸುಮಾರು ಅಷ್ಟೇ ತೂಕ. ಕೈಗೆ ಸಿಗೋದು 2 ಟನ್ ಅಂತ ಇಟ್ಟುಕೊಳ್ಳಿ. ಒಂದು ರಾಸಿಗೆ ದಿನಕ್ಕೆ 6 ಕಿಲೋ ಒಣಹುಲ್ಲು ಹಾಕಿದರೆ 2 ಟನ್ ಹುಲ್ಲು 333 ದಿನ ಬರುತ್ತೆ. ಅಂದರೆ ಒಂದು ಎಕರೆ ಗದ್ದೆಗೆ ಒಂದು ಕಡ್ಡಿ ಗೀರಿದರೆ, ಒಂದು ಹಸುವಿನ ಹೆಚ್ಚುಕಮ್ಮಿ ಒಂದು ವರ್ಷದ ಒಣ ಮೇವು ಅರ್ಧ ಗಂಟೆಯಲ್ಲಿ ಬೂದಿ.

2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಆ ವರ್ಷ ನಮ್ಮ ಕಡೆ ಮೇವಿಲ್ಲದೆ ಸಂತೆಗೆ ಹೊಡೆದ ದನಗಳನ್ನು ಕಣ್ಣಾರೆ ಕಂಡಿದ್ದೇನೆ. ಕೊಟ್ಟ ದನ ತಿರುಗಿ ಕಟ್ಟಬೇಕಾದರೆ ಎರಡು ಪಟ್ಟು ದುಡ್ಡು ಬೇಕು. ಹಂಗಾಗಿ ಎಷ್ಟೋ ಕೊಟ್ಟಿಗೆ ಖಾಲಿಯೇ ಉಳಿದವು. ಕೊಟ್ಟಿಗೆ ಖಾಲಿಯಾದರೆ ಹೊಲಕ್ಕೆ ಗೊಬ್ಬರವೂ ಇಲ್ಲ.

ಸುಡುವವನಿಗೂ ನಷ್ಟ ಇದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ ಇರುತ್ತೆ. ಸುಟ್ಟರೆ ಅದು ಹೆಚ್ಚುಕಮ್ಮಿ ಪೂರಾ ಗಾಳಿಗೆ ಹೋಗುತ್ತೆ. 2 ಟನ್ ಅಂದರೆ ಅರ್ಧ ಚೀಲ ಯೂರಿಯಾ. 'ಬೂದಿ ಗೊಬ್ಬರ ಅಲ್ಲವೇನು?' ಅಂತ ಕೇಳುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯೋದು ನಿಜ, ಗಾಳಿ ಬಂದರೆ ಹಾರುತ್ತೆ, ನೀರು ಹಾಯಿಸಿದರೆ ಕೊಚ್ಚುತ್ತೆ. ಮಣ್ಣಿಗೆ ಬೇಕಾದ ಸಾವಯವ ಅಂಶ ಮಾತ್ರ ಒಂದು ಚೂರೂ ಉಳಿಯೋದಿಲ್ಲ. 'ಕೂಳೆಯೊಳಗಿನ ಕಾಂಡಕೊರಕ ಸಾಯುತ್ತೆ' ಅನ್ನೋ ಮಾತೂ ಇದೆ. ಕೂಳೆಯನ್ನು ಉತ್ತು ನೀರು ನಿಲ್ಲಿಸಿದರೂ ಆ ಹುಳು ಸಾಯುತ್ತೆ.

ಮಾಡಬಹುದಾದ್ದು

ಹುಲ್ಲು ಕಟ್ಟೋದು: ಟ್ರ್ಯಾಕ್ಟರಿಗೆ ಸಿಕ್ಕಿಸಿ ಎಳೆಯುವ, ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರ ಈಗ ನಮ್ಮ ಕಡೆ ಬಾಡಿಗೆಗೆ ಸಿಗುತ್ತೆ. ಕಂಬೈನ್ ಹೋದ ಮೇಲೆ ಎರಡು-ಮೂರು ದಿನ ಒಣಗಲು ಬಿಟ್ಟು, ಬೆಳಗಿನ ಇಬ್ಬನಿ ಆರಿದ ಮೇಲೆ ಕಟ್ಟಿಸಬೇಕು. ಹಸಿ ಇದ್ದಾಗ ಕಟ್ಟಿದ ಪೆಂಡಿ ಒಳಗೊಳಗೇ ಕಾದು ಬೂಸ್ಟು ಹಿಡಿಯುತ್ತೆ. ಬೂಸ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕಲೇಬಾರದು.

ವ್ಯವಹಾರ: ಗದ್ದೆಯವರಿಗೆ ಖರ್ಚು ಬರಬಾರದು. ಕಟ್ಟುವ ಬಾಡಿಗೆ, ಸಾಗಿಸುವ ಬಾಡಿಗೆ ಒಯ್ಯುವವರದು, ಹುಲ್ಲಿಗೆ ಮಾತಾಡಿದ ಬೆಲೆ ಗದ್ದೆಯವರಿಗೆ. ಒಬ್ಬೊಬ್ಬರೇ ಹೋದರೆ ಬಾಡಿಗೆಯೇ ನುಂಗುತ್ತೆ. ಹತ್ತು-ಹನ್ನೆರಡು ಮನೆಯವರು ಸೇರಿ ಒಂದೇ ಬಯಲಿನ ಇಪ್ಪತ್ತು-ಮೂವತ್ತು ಎಕರೆ ಹಿಡಿದರೆ ಯಂತ್ರದವನೂ ಬರುತ್ತಾನೆ, ಲಾರಿಯೂ ತುಂಬುತ್ತೆ. ಹಾಲಿನ ಡೇರಿ ಇರುವ ಊರಲ್ಲಿ ಸಂಘದಿಂದಲೇ ಇದನ್ನು ಮಾಡಬಹುದು.

ಹುಲ್ಲಿನ ಸತ್ವ: ಭತ್ತದ ಹುಲ್ಲು ಜೋಳದ ಸೊಪ್ಪೆಯಷ್ಟು ಸತ್ವದ್ದಲ್ಲ. ಯೂರಿಯಾ ಉಪಚಾರ ಮಾಡಿದರೆ ದನ ಹೆಚ್ಚು ತಿನ್ನುತ್ತೆ, ಅರಗುತ್ತೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50-60 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ತಾಡಪಾಲಿನಿಂದ ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ತಿನ್ನಿಸುವ ಮೊದಲು ಹರವಿ ಘಾಟು ಹೋಗಲು ಬಿಡಬೇಕು. ಮೊದಲು ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರು ದನದ ಬಾಯಿಗೆ ಸಿಕ್ಕರೆ ಜೀವ ಹೋಗುತ್ತೆ, ಬಕೆಟ್ಟು ಎಚ್ಚರ. ಭತ್ತದ ಹುಲ್ಲೇ ಮುಖ್ಯ ಮೇವಾದರೆ ಖನಿಜ ಮಿಶ್ರಣವನ್ನೂ ಕೊಡಬೇಕು.

ಗದ್ದೆಗೇ ಸೇರಿಸೋದು: ಮಾರಲು ಆಗದ ಹುಲ್ಲು, ಕೂಳೆಯನ್ನು ನಾಟಿಗೆ ಕನಿಷ್ಠ ಮೂರು ವಾರ ಮೊದಲೇ ರೋಟವೇಟರ್ ಹೊಡೆದು ತೇವದಲ್ಲಿ ಕೊಳೆಯಲು ಬಿಡಬೇಕು. ಹಸಿ ಹುಲ್ಲು ಮುಚ್ಚಿ ಕೂಡಲೇ ನಾಟಿ ಮಾಡಿದರೆ ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನು ತಾವೇ ತಿಂದು ಸಸಿ ಹಳದಿಯಾಗುತ್ತೆ. ಹುಲ್ಲು ಮುಚ್ಚಿದರೆ ಬೆಳೆ ಕೆಡುತ್ತೆ ಅಂತ ಹೇಳುವವರು ನೋಡಿರೋದು ಇದನ್ನೇ.

ನಮ್ಮ ಮೆಕ್ಕೆಜೋಳದ ದಂಟು: ತೆನೆ ಮುರಿದ ಕೂಡಲೇ ಕತ್ತರಿಸಿದರೆ ದನಕ್ಕೆ ಆಗುತ್ತೆ. ತಡವಾದದ್ದನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಮುಂದಿನ ಮಳೆಯ ತೇವ ಹಿಡಿಯುತ್ತೆ. ಬೆದ್ದಲಿನವರಿಗೆ ತೇವಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಜಕಾರ್ತದವರನ್ನು, ಲಾಹೋರಿನವರನ್ನು ನಾವು ಕರೆದು ಕೂರಿಸೋಕೆ ಆಗೋದಿಲ್ಲ. ನಾಲೆ ಕಡೆಯ ರೈತರು ಹಂಗಲ್ಲ. ನಮ್ಮ ನೆಂಟರು, ಬೀಗರು, ಒಂದೇ ಮಾರುಕಟ್ಟೆಯ ಅಂಗಳದಲ್ಲಿ ಚೀಲ ಇಳಿಸುವವರು. ಹೊಗೆ ಎದ್ದ ಮೇಲೆ ಹೋಗಿ ಜಗಳ ಮಾಡಿದರೆ ಬೂದಿಯಷ್ಟೇ ಸಿಗೋದು. ತೆನೆ ಹಳದಿ ತಿರುಗಿದಾಗಲೇ, ಕೊಯ್ಲಿಗೆ ಹದಿನೈದು ದಿನ ಮೊದಲೇ ಹೋಗಿ, 'ಅಣ್ಣಾ, ಹುಲ್ಲು ನಮಗೆ ಬಿಡಿ, ಗದ್ದೆ ಖಾಲಿ ಮಾಡಿಕೊಡೋದು ನಮ್ಮ ಜವಾಬ್ದಾರಿ' ಅಂತ ಮುಂಗಡ ಕೊಟ್ಟು ಬನ್ನಿ. ಮಾತು ಕೊಟ್ಟ ದಿನಕ್ಕೆ ಗದ್ದೆ ಖಾಲಿ ಮಾಡಿ. ಒಂದು ಸಲ ಮಾತು ಉಳಿದರೆ ಮುಂದಿನ ಕೊಯ್ಲಿಗೆ ಅವರೇ ಫೋನು ಮಾಡುತ್ತಾರೆ.